ಗಡಿಯಾರಪ್ಪನ ಎಡಗೈ ಬರಹ

ನನ್ನ ಮಗಳ ಬಲಗೈ ಮಣಿಕಟ್ಟಿನ ಹತ್ತಿರ ತುಂಡಾಗಿ ಬಿದ್ದದ್ದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಆಂಬುಲೆನ್ಸಿಗೆ ಫೋನು ಹೋದದ್ದು ಹನ್ನೊಂದು ಇಪ್ಪತ್ತೊಂದಕ್ಕೆ. ನಡುವಿನ ಹನ್ನೊಂದು ನಿಮಿಷ ಏನಾಯಿತೆಂದು ತಿಳಿಯಲು ನನಗೆ ಮೂರು ತಿಂಗಳು ಹಿಡಿಯಿತು. ತಿಳಿದ ಮೇಲೆ, ಅದನ್ನು ಮಾಡಿದವನಿಂದಲೇ ಹೇಳಿಸಲು ಎರಡು ವರ್ಷ.

ಅವಳು ಬೈಂಡಿಂಗ್ ಕಾರ್ಖಾನೆಯಲ್ಲಿ ಕಟಿಂಗ್ ಮಷಿನ್ನಿನ ಕೆಲಸಕ್ಕಿದ್ದಳು. ಹೊಲಿದು ಅಂಟಿಸಿದ ಪುಸ್ತಕಗಳ ಕಟ್ಟನ್ನು ಮೇಜಿನ ಮೇಲೆ ಸರಿಯಾಗಿ ಕೂರಿಸಿ ಮೂರು ಅಂಚನ್ನೂ ಕತ್ತರಿಸುವ ಕೆಲಸ. ಆ ಮಷಿನ್ನಿಗೆ ಎರಡು ಗುಂಡಿ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಯಾವ ಕೈಯೂ ಬ್ಲೇಡಿನ ಕೆಳಗಿರುವುದಿಲ್ಲ, ಅಷ್ಟೇ ಅದರ ಉಪಾಯ. ನಾಲ್ಕು ವರ್ಷ ದುಡಿದರೂ ಅವಳ ಒಂದು ಉಗುರಿಗೂ ಏನೂ ಆಗಿರಲಿಲ್ಲ.

ಹದಿಮೂರು ಗಂಟೆ ಹೊತ್ತು ಆಪರೇಷನ್ ಮಾಡಿ ವೈದ್ಯರು ಕೈಯನ್ನು ಮತ್ತೆ ಕೂರಿಸಿದರು. ಮೂಳೆಗೆ ತಂತಿ ಹಾಕಿದರು. ರಕ್ತನಾಳ, ನರಗಳನ್ನು ಕೂದಲಿಗಿಂತ ತೆಳ್ಳಗಿನ ದಾರದಿಂದ ಒಂದೊಂದಾಗಿ ಹೊಲಿದರು. ನೋಡಲು ಬಂದವರೆಲ್ಲ ಪವಾಡ ಅಂದರು, ಹಣ್ಣು ಕೊಟ್ಟರು, ಹೋದರು. ಆಮೇಲಿನದು ನಮ್ಮ ಪಾಲಿಗೆ ಉಳಿಯಿತು.

ವಿಚಾರಣೆಗೆ ಬಂದ ಇನ್ಸ್‌ಪೆಕ್ಟರು ಮಷಿನ್ ಪರೀಕ್ಷಿಸಿ ವರದಿ ಬರೆದರು. ಎರಡೂ ಗುಂಡಿ ಸುಸ್ಥಿತಿಯಲ್ಲಿವೆ. ಕೆಲಸಗಾರ್ತಿ ಎಡಗುಂಡಿಯನ್ನು ಕೈಯಿಂದಲೂ ಬಲಗುಂಡಿಯನ್ನು ಮೊಣಕೈಯಿಂದಲೂ ಒತ್ತಿರಬೇಕು. ಅಪಘಾತಕ್ಕೆ ಅವಳ ಅಜಾಗರೂಕತೆಯೇ ಕಾರಣ.

ಮಗಳಿಗೆ ನೋವಿನ ಔಷಧಿಯ ಮಂಪರು. ಕಾಗದವನ್ನು ಎರಡು ಸಲ ಓದಿಸಿಕೊಂಡಳು.

"ಇರ್ಬೇಕು ಅಮ್ಮಾ. ನಾನೇ ಒತ್ತಿರ್ಬೇಕು. ಇಲ್ದಿದ್ರೆ ಅದು ಹೇಗೆ ಇಳೀತು?"

"ನಿಂಗೆ ನೆನಪಿದೆಯಾ?"

"ಇಲ್ಲ. ಎಡಗೈ ಗುಂಡಿ ಮೇಲಿತ್ತು, ಬಲಗೈಲಿ ಕಟ್ಟು ಸರಿ ಮಾಡ್ತಿದ್ದೆ. ಆಮೇಲೆ ಕಣ್ಣು ಬಿಟ್ಟಾಗ ಇಲ್ಲಿದ್ದೆ."

ಮನೆಗೆ ಬಂದ ಮೇಲೂ ಅವಳಿಗೆ ಅದೇ ಧ್ಯಾನ. ಊಟದ ಮೇಜಿನ ಮುಂದೆ ಕೂತು ಎಡ ಅಂಗೈಯನ್ನು ಒಂದು ಕಡೆ ಒತ್ತಿಟ್ಟು, ಬ್ಯಾಂಡೇಜು ಸುತ್ತಿದ ಬಲಗೈಯನ್ನು ಮುಂದೆ ಚಾಚಿ, ಮೊಣಕೈ ಎಲ್ಲಿಗೆ ಬರುತ್ತದೆಂದು ನೋಡುವಳು. ಕುರ್ಚಿ ಸರಿಸಿ ಮತ್ತೆ ನೋಡುವಳು. "ಬರುತ್ತೆ ಅಮ್ಮಾ, ಸ್ವಲ್ಪ ಬಗ್ಗಿದ್ರೆ ಬರುತ್ತೆ" ಎನ್ನುವಳು, ಕಳ್ಳನನ್ನು ಹಿಡಿದವಳ ಹಾಗೆ.

ಮೂರನೆಯ ತಿಂಗಳಲ್ಲಿ ಆಸ್ಪತ್ರೆಯ ಕಾಗದಗಳನ್ನು ಜೋಡಿಸಿಡುವಾಗ ಆಂಬುಲೆನ್ಸಿನ ಚೀಟಿ ಸಿಕ್ಕಿತು. ಕರೆ ಬಂದ ಸಮಯ 11.21. ಇನ್ಸ್‌ಪೆಕ್ಟರ ವರದಿಯಲ್ಲಿ ಅಪಘಾತದ ಸಮಯ 11.10 ಎಂದಿತ್ತು. ಹತ್ತಕ್ಕೆ ಕೈ ತುಂಡಾದವಳಿಗೆ ಇಪ್ಪತ್ತೊಂದಕ್ಕೆ ಫೋನು ಯಾಕೆ? ಅಂದು ಸಂಜೆ ನನ್ನ ತಂಗಿ ಬಂದಾಗ ಕೇಳಿದೆ. ಅವಳು ಅದೇ ಕಾರ್ಖಾನೆಯಲ್ಲಿ ಹೊಲಿಗೆ ಮೇಜಿನವಳು, ಮಗಳನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ. ಚೀಟಿ ನೋಡಿದ್ದೇ ತಡ, ನನ್ನ ಕಾಲು ಹಿಡಿದುಕೊಂಡು ಅತ್ತಳು.

"ಅಕ್ಕಾ, ನಾನು ಹೇಳ್ದೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಮಗಳ ಮೇಲೆ ಆಣೆ ಮಾಡು."

ಆಣೆ ಮಾಡಿದೆ.

ಅಲ್ಲಿನ ಸೂಪರ್‌ವೈಸರನ್ನು ಎಲ್ಲರೂ ಗಡಿಯಾರಪ್ಪ ಎನ್ನುತ್ತಿದ್ದರು. ಒಂದು ಕೈಗಡಿಯಾರ, ಜೇಬಿನಲ್ಲಿ ಇನ್ನೊಂದು. ಮೂತ್ರಕ್ಕೆ ಹೋದವರ ನಿಮಿಷವನ್ನೂ ಎಣಿಸುವ ಮನುಷ್ಯ. ಕೆಲಸದವರ ಫೋನುಗಳನ್ನು ಬಾಗಿಲಲ್ಲೇ ಇಸಕೊಂಡು ಬೀಗ ಹಾಕುವ ನಿಯಮ ಮಾಡಿದವನೂ ಅವನೇ. ಅಂದು ಚಹಾ ವಿರಾಮದಲ್ಲಿ ಮಗಳು ಹೊರಗಿದ್ದಾಗ, ತುರ್ತಿನ ಕೆಲಸವೆಂದು ತಾನೇ ಮಷಿನ್ನಿಗೆ ನಿಂತ. ಒಂದೇ ಕೈಯಲ್ಲಿ ಬೇಗ ಆಗಲೆಂದು ಬಲಗುಂಡಿ ಒತ್ತಿಕೊಂಡೇ ಇರುವ ಹಾಗೆ ಸಂದಿಗೆ ರಟ್ಟಿನ ತುಂಡೊಂದನ್ನು ತುರುಕಿದ. ನಾಲ್ಕು ಕಟ್ಟು ಕತ್ತರಿಸಿದ. ವಿರಾಮ ಮುಗಿಯಿತೆಂದು ಗಂಟೆ ಬಾರಿಸಲು ಓಡಿದ, ರಟ್ಟು ಅಲ್ಲೇ ಮರೆತ. ಮಗಳು ಬಂದು ಎಂದಿನಂತೆ ಎಡಗುಂಡಿಯ ಮೇಲೆ ಕೈಯಿಟ್ಟಳು. ಮೊಣಕೈ ಎಲ್ಲಿಗೂ ಹೋಗಿರಲಿಲ್ಲ.

"ನಾನು ಅವಳ ತೋಳು ಮೇಲೆತ್ತಿ ಅಪ್ರನ್ನಿಂದ ಬಿಗಿಯಾಗಿ ಹಿಡ್ಕೊಂಡಿದ್ದೆ," ಎಂದಳು ತಂಗಿ. "ಫೋನ್ ಮಾಡಿ ಅಂತ ಕಿರುಚ್ತಿದ್ದೆ. ಮಾಡಿದೀನಿ, ಬರ್ತಿದೆ ಅಂದ. ಅಂದವನು ಮಷಿನ್ ಮುಂದೆ ಕೂತು ಚಾಕುವಿನಿಂದ ಆ ರಟ್ಟು ಕೆದಕ್ತಿದ್ದ ಅಕ್ಕಾ. ಸಿಕ್ಕಾಕೊಂಡಿತ್ತು, ಬರ್ತಿರ್ಲಿಲ್ಲ. ಅದು ಪೂರ್ತಿ ಬಂದ್ಮೇಲೆ ಜೇಬಿಗೆ ಹಾಕ್ಕೊಂಡು ಆಫೀಸಿಗೆ ಹೋದ."

ಅಂದಿನಿಂದ ಮನಸ್ಸಿನಲ್ಲೂ ಅವನನ್ನು ಬಹುವಚನದಲ್ಲಿ ಕರೆದಿಲ್ಲ.

ತಂಗಿಯ ಹೆಸರು ಬರಬಾರದು. ಸಾಕ್ಷಿ ಹೇಳುವವರು ಬೇರೆ ಇಲ್ಲ. ಹಾಗಾದರೆ ಅವನೇ ಹೇಳಬೇಕು, ಅವನೇ ಬರೆದುಕೊಡಬೇಕು. ಮಗಳಿಗೆ? ಮಗಳಿಗೆ ಹೇಳಿದರೆ ಅವಳು ಮರುದಿನವೇ ಅಲ್ಲಿಗೆ ಹೋಗಿ ಕೂಗಾಡುತ್ತಾಳೆ, ಅವನು ಎಚ್ಚೆತ್ತುಕೊಳ್ಳುತ್ತಾನೆ, ತಂಗಿಯ ಕೆಲಸ ಹೋಗುತ್ತದೆ. ಕೈಯಲ್ಲಿ ಕಾಗದ ಬಂದ ಮೇಲೆ ಹೇಳಿದರಾಯಿತು. ಹೀಗೆ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಇನ್ನೊಂದೂ ಇತ್ತು. ಅವನು ಬಾಯಿಬಿಡುವ ಆ ಗಳಿಗೆ ಪೂರ್ತಿಯಾಗಿ ನನಗೇ ಬೇಕಿತ್ತು, ಯಾರೊಂದಿಗೂ ಹಂಚಿಕೊಳ್ಳುವ ಮನಸ್ಸಿರಲಿಲ್ಲ.

ಕಾರ್ಖಾನೆಯ ಎದುರಿಗೆ, ರಸ್ತೆಯಾಚೆ, ಒಂದು ಮೋಟು ಗೋಡೆ. ಅಲ್ಲಿ ಕೂತರೆ ಗಾಜಿನ ಕಿಟಕಿಯ ಹಿಂದೆ ಅವನ ಮೇಜು ಕಾಣುತ್ತದೆ, ಅವನಿಗೂ ನಾನು ಕಾಣುತ್ತೇನೆ. ಮಗಳಿಗೆ ಬೆಳಗಿನ ವ್ಯಾಯಾಮ ಮಾಡಿಸಿ, ಬಟ್ಟೆ ಒಣಹಾಕಿ, ಚೀಲದಲ್ಲಿ ಬೀನ್ಸು ಹಾಕಿಕೊಂಡು ಹೊರಡುತ್ತಿದ್ದೆ. ಹನ್ನೊಂದು ಹತ್ತಕ್ಕೆ ಕೂರುವುದು, ಬೀನ್ಸಿನ ನಾರು ತೆಗೆಯುತ್ತಾ ಅವನನ್ನು ನೋಡುವುದು, ಹನ್ನೊಂದು ಇಪ್ಪತ್ತೊಂದಕ್ಕೆ ಎದ್ದು ಬರುವುದು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಗಡಿಯಾರ ನೋಡುವ ಮನುಷ್ಯನಿಗೆ ಬೇರೆ ಏನೂ ಹೇಳಬೇಕಾಗಿರಲಿಲ್ಲ. ನಾಲ್ಕನೆಯ ದಿನ ಅವನು ಕೈಗಡಿಯಾರ ನೋಡಿದ, ಜೇಬಿನದ್ದನ್ನೂ ತೆಗೆದು ನೋಡಿದ, ನನ್ನನ್ನು ನೋಡಿದ. ಗೊತ್ತಾಯಿತು ಅವನಿಗೆ. ಅಂದು ನನಗೆ ಊಟ ರುಚಿಸಿತು.

ಹತ್ತು ದಿನದ ಮೇಲೆ ಗೇಟಿನ ಕಾವಲುಗಾರನನ್ನು ಕಳಿಸಿದ.

"ಅಮ್ಮಾ, ಇಲ್ಲಿ ಯಾಕೆ ಕೂರ್ತೀರಿ?"

"ನಾರು ತೆಗೀತಿದೀನಿ."

"ಮನೇಲಿ ತೆಗೀಬಹುದಲ್ಲ?"

"ಅಲ್ಲಿ ಬೆಳಕು ಸಾಲಲ್ಲಪ್ಪ. ಗೋಡೆ ನಿಮ್ಮ ಯಜಮಾನ್ರದ್ದಾ?"

"ಅಲ್ಲ, ಸರ್ಕಾರದ್ದು."

"ಮತ್ತೆ ಸರ್ಕಾರ ಬಂದು ಕೇಳ್ಲಿ. ತಗೋ, ಎಳೇದಿದೆ, ಹಸೀದೇ ತಿನ್ನಬಹುದು."

ಅವನು ಎರಡು ಬೀನ್ಸು ಜಗಿಯುತ್ತಾ ವಾಪಸ್ಸು ಹೋದ.

ಗಡಿಯಾರಪ್ಪ ಕಿಟಕಿಗೆ ಪರದೆ ಹಾಕಿಸಿದ. ನಾನು ಗೇಟಿನ ನೇರಕ್ಕೆ ಸರಿದು ಕೂತೆ, ಒಳಗಿನ ಅಂಗಳಕ್ಕೆ ಅವನು ಬರಲೇಬೇಕಲ್ಲ. ಮೇಜನ್ನು ಹಿಂದಿನ ಕೋಣೆಗೆ ಸಾಗಿಸಿದ. ಹಿಂದಿನ ಬೀದಿಯಲ್ಲೂ ಒಂದು ಕಟ್ಟೆಯಿತ್ತು. ಕೊನೆಗೆ ಮೇಜು ಮತ್ತೆ ಮುಂದಿನ ಕಿಟಕಿಗೇ ಬಂತು, ನಾನೂ ನನ್ನ ಮೋಟು ಗೋಡೆಗೆ. ತಂಗಿ ಸಂಜೆ ಬಂದು ಎಲ್ಲ ಹೇಳುತ್ತಿದ್ದಳು. "ಅಕ್ಕಾ, ಅವನು ಈಗ ಹನ್ನೊಂದು ಗಂಟೆಯಾದ್ರೆ ಸಾಕು, ಕೂತಲ್ಲಿ ಕೂರಲ್ಲ. ಹುಡುಗಿಯರು ಆ ಹೊತ್ತಿಗೆ ಅತ್ತೆ ಟೈಮು ಅಂತ ಹೆಸರಿಟ್ಟಿದಾರೆ."

ಈ ನಡುವೆ ಕೈ ತನ್ನ ಪಾಡಿಗೆ ಬೆಳೆಯುತ್ತಿತ್ತು. ನರ ದಿನಕ್ಕೆ ಒಂದು ಮಿಲಿಮೀಟರಿನಷ್ಟು ಮುಂದಕ್ಕೆ ಹೋಗುತ್ತದಂತೆ. ವ್ಯಾಯಾಮ ಮಾಡಿಸುವ ಫಿಸಿಯೋ ಅಕ್ಕ ಮಣಿಕಟ್ಟಿನಿಂದ ಶುರುಮಾಡಿ ಬೆರಳಿನಿಂದ ತಟ್ಟುತ್ತಾ ಬರುವಳು. "ಎಲ್ಲಿ ಜುಂ ಅನ್ಸುತ್ತೋ ಅಲ್ಲಿವರೆಗೆ ನರ ಬಂದಿದೆ ಅಂತ." ಮೊದಲ ವರ್ಷ ಕೈ ಇತ್ತು, ಆದರೆ ಅದು ಅವಳದ್ದಾಗಿರಲಿಲ್ಲ. ಒಮ್ಮೆ ಕುದಿಯುವ ಪಾತ್ರೆಗೆ ತಾಗಿ ಕಿರುಬೆರಳು ಬೆಂದು ವಾಸನೆ ಬಂದ ಮೇಲೆ ತಿಳಿಯಿತು. ಬೆರಳೆಳೆಯುವ ಹಗ್ಗದಂಥ ನಾರುಗಳು ಸುತ್ತಲ ಮಾಂಸಕ್ಕೆ ಅಂಟಿಕೊಂಡವು, ಅದನ್ನು ಬಿಡಿಸಲು ಮತ್ತೊಂದು ಆಪರೇಷನ್. ಚಳಿಯಲ್ಲಿ ಕೈ ನೀಲಿಗಟ್ಟಿ ಹಲ್ಲುನೋವಿನ ಹಾಗೆ ನೋಯುತ್ತಿತ್ತು. ನಾನು ಅದನ್ನು ನನ್ನ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದೆ, ಅವಳು ಹುಟ್ಟಿದ ವಾರ ಕಾಲುಗಳನ್ನು ಇಟ್ಟುಕೊಂಡ ಹಾಗೆ.

ಕಣ್ಣು ಮುಚ್ಚಿಸಿ ಬಟ್ಟಲಲ್ಲಿ ಹತ್ತಿ, ಅಕ್ಕಿ, ಮರಳು ಕಾಗದ ಮುಟ್ಟಿಸುವುದು ದಿನಕ್ಕೆ ನಾಲ್ಕು ಸಲ. ಹತ್ತಿಯನ್ನು ಅಕ್ಕಿ ಎನ್ನುವಳು, ಅಕ್ಕಿಯನ್ನು ನೀರು ಎನ್ನುವಳು. ಎಡಗೈಯಲ್ಲಿ ಬರೆಯಲು ಕಲಿಸಿದೆ, ಗೆರೆ ಹಾಕಿದ ಪುಸ್ತಕ ತಂದು, ಮೊದಲಕ್ಷರದಿಂದ. ಇಪ್ಪತ್ತಾರು ವರ್ಷದ ಹೆಣ್ಣು ನಾಲಿಗೆ ಕಚ್ಚಿಕೊಂಡು ಬರೆಯುವುದನ್ನು ನೋಡುತ್ತಾ ನಾನು "ಜಾಣೆ, ಚೆನ್ನಾಗಿದೆ" ಎನ್ನುತ್ತಿದ್ದೆ. ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ.

ಒಮ್ಮೆ ಫಿಸಿಯೋ ಅಕ್ಕನನ್ನು ಮಗಳಿಲ್ಲದಾಗ ಕೇಳಿದೆ, ಹನ್ನೊಂದು ನಿಮಿಷ ಮೊದಲೇ ಬಂದಿದ್ದರೆ ಕೈ ಇನ್ನೂ ಚೆನ್ನಾಗಿರುತ್ತಿತ್ತೇ ಎಂದು.

"ಇಲ್ಲಮ್ಮ, ಅಷ್ಟರಿಂದ ಕೈಗೆ ದೊಡ್ಡ ವ್ಯತ್ಯಾಸ ಆಗ್ತಿರ್ಲಿಲ್ಲ."

ಕೈಗೆ ಆಗದಿರಬಹುದು. ನನಗೆ ಆಗುತ್ತದೆ. ಒಂದು ಕಡೆ ಹುಡುಗಿ, ಒಂದು ಕಡೆ ರಟ್ಟು. ಅವನು ರಟ್ಟು ಎತ್ತಿಕೊಂಡ.

ಎರಡನೆಯ ವರ್ಷದ ಕೊನೆಗೆ, ನಾನು ಕಲ್ಪಿಸದಿದ್ದ ಬಾಗಿಲೊಂದು ತೆರೆಯಿತು. ತಂಗಿ ಬಂದವಳೇ ನಗು ತಡೆಯಲಾರದೆ ಗೋಡೆಗೆ ಒರಗಿದಳು.

"ಅಕ್ಕಾ, ನೀನು ಗಡಿಯಾರಪ್ಪನ ಹಳೇ ಪ್ರೇಮ ಅಂತೆ!"

"ಏನು?"

"ಕಾವಲುಗಾರ ಹಬ್ಬಿಸಿದ್ದು. ದಿನಾ ಅದೇ ಹೊತ್ತಿಗೆ ಬರ್ತಾಳೆ, ಮಾತಾಡಲ್ಲ, ಬರೀ ನೋಡ್ತಾಳೆ, ಅವನು ಬೆವರ್ತಾನೆ. ಮತ್ತೇನಿರುತ್ತೆ ಅಂತ. ಮದುವೆ ಆಗ್ತೀನಿ ಅಂತ ಕೈಕೊಟ್ಟಿದ್ನಂತೆ!"

ಗಂಡ ಸತ್ತು ಒಂಬತ್ತು ವರ್ಷ, ಮೂರು ಹಲ್ಲು ಬಿದ್ದಿವೆ, ನನಗೆ ಈ ಪಟ್ಟ. ಮೊದಲು ಮೈ ಉರಿಯಿತು. ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಅವನು ಅದನ್ನು ಅಲ್ಲಗಳೆಯುವುದು ಹೇಗೆ? ಆ ಹೆಂಗಸು ಯಾಕೆ ಬರುತ್ತಾಳೆ ಎಂದು ಹೇಳದೆ ಅಲ್ಲಗಳೆಯುವ ಹಾಗಿಲ್ಲ. ಮರುದಿನ ತಲೆ ನೀಟಾಗಿ ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಹೋದೆ. ಪರದೆಯ ಸಂದಿಯಿಂದ ಅವನು ಇಣುಕಿದಾಗ ಸ್ವಲ್ಪ ನಕ್ಕೆ ಕೂಡ. ಕಾವಲುಗಾರ ಕೆಮ್ಮಿದ.

ಒಂದೂವರೆ ತಿಂಗಳು ಸಾಕಾಯಿತು. ಮಾತು ಅವನ ಹೆಂಡತಿಯ ಕಿವಿ ಮುಟ್ಟಿತು. ಅವಳು ಒಂದು ದಿನ ಗೇಟಿನ ಬಳಿ ನಿಂತು ನನ್ನನ್ನು ಕಾಲಿಂದ ತಲೆವರೆಗೆ ನೋಡಿದಳು, ನಾನು ಬೀನ್ಸು ಬಿಡಿಸಿದೆ. ವಾರ ಕಳೆಯುವಷ್ಟರಲ್ಲಿ ಗಂಟುಮೂಟೆ ಕಟ್ಟಿಕೊಂಡು ತನ್ನ ಮಗಳ ಮನೆಗೆ ಹೊರಟುಹೋದಳಂತೆ.

ಆಗ ಅವನು ರಸ್ತೆ ದಾಟಿ ಬಂದ. ಹನ್ನೊಂದು ಹದಿನಾಲ್ಕು ಆಗಿತ್ತು.

"ತಾಯಿ, ನಿಮಗೆ ಕೈ ಮುಗೀತೀನಿ. ನನ್ನ ಮನೆ ಹಾಳಾಯ್ತು. ನನ್ನ ಹೆಂಡ್ತಿಗೆ ಒಂದು ಮಾತು ಹೇಳಿ, ನಮ್ಮಿಬ್ರಿಗೂ ಏನೂ ಸಂಬಂಧ ಇಲ್ಲ ಅಂತ."

"ಹೇಗೆ ಹೇಳ್ಲಿ? ಸಂಬಂಧ ಇದೆಯಲ್ಲ."

"ತಾಯಿ..."

"ನಿಜ ಏನು ಅಂತ ಬರೆದುಕೊಡು. ಅದನ್ನೇ ಓದಿ ಹೇಳ್ತೀನಿ."

ಅವನು ಗೋಡೆಯ ಮೇಲೆ ನನ್ನ ಪಕ್ಕ ಕುಸಿದು ಕೂತ. "ಕೆಲಸ ಹೋಗುತ್ತೆ. ರಿಟೈರಾಗೋಕೆ ಇನ್ನೆರಡು ವರ್ಷ ಇತ್ತು ಅಷ್ಟೇ."

"ಅವಳಿಗೆ ಮೂವತ್ತೆರಡು ವರ್ಷ ಇತ್ತು."

"ಬೇಕಂತ ಮಾಡಿದ್ದಲ್ಲ. ಮರೆತೆ. ದೇವರಾಣೆ ಮರೆತೆ."

"ರಟ್ಟು ಮರೆತೆ. ಫೋನು ಮರೆತಿರ್ಲಿಲ್ಲ." ಬೀನ್ಸು ಚೀಲಕ್ಕೆ ತುಂಬಿಕೊಂಡು ಎದ್ದೆ. "ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಬಾ. ಮಗಳು ಆಸ್ಪತ್ರೆಗೆ ಹೋಗಿರ್ತಾಳೆ."

ಒಂದಕ್ಕೆ ಮೂರು ನಿಮಿಷ ಇರುವಾಗಲೇ ಬಂದ. ಊಟದ ಮೇಜಿನ ಮುಂದೆ ಕೂರಿಸಿ, ಮಗಳ ಹಳೆಯ ಗೆರೆ ಪುಸ್ತಕ ಮತ್ತು ಪೆನ್ನು ಇಟ್ಟೆ. ಅವನು ಬಲಗೈಯಲ್ಲಿ ಪೆನ್ನು ಎತ್ತಿಕೊಂಡ.

"ಆ ಕೈ ಅಲ್ಲ."

"ಏನು?"

"ಎಡಗೈಲಿ ಬರಿ."

"ನಂಗೆ ಬರಲ್ಲಮ್ಮ."

"ಅವಳಿಗೂ ಬರ್ತಿರ್ಲಿಲ್ಲ. ನಾನೇ ಕಲ್ಸಿದ್ದು, ನಿಂಗೂ ಕಲಿಸ್ತೀನಿ."

ಅವನು ಮೋಸ ಮಾಡಬಾರದೆಂದು ಬಲಗೈಯನ್ನು ಮಗಳ ಹಳೆಯ ಸ್ಪ್ಲಿಂಟಿನೊಳಗೆ ಇಟ್ಟೆ. ಮಣಿಕಟ್ಟಿನಿಂದ ಬೆರಳ ತುದಿವರೆಗೆ ಬಿಗಿಯುವ ಪ್ಲಾಸ್ಟಿಕ್ಕಿನ ಪಟ್ಟಿ ಅದು. ಅವನಿಗೆ ಚಿಕ್ಕದಾಯಿತು, ಎಳೆದು ಕಟ್ಟಿದೆ. ಹೆಚ್ಚು ಬಿಗಿಯಾಯಿತೆಂದ. ಇನ್ನೊಮ್ಮೆ ಎಳೆದೆ.

"ನಾನು" ಎಂಬ ಎರಡಕ್ಷರ ಬರೆಯಲು ಅವನಿಗೆ ಎಷ್ಟು ಹೊತ್ತಾಯಿತೆಂದರೆ ನಾನು ಅಷ್ಟರಲ್ಲಿ ಒಂದು ಬುಟ್ಟಿ ಬಟ್ಟೆ ಮಡಚಿದ್ದೆ. ನಾನು ಕೂಗಾಡಲಿಲ್ಲ. ಮಗಳ ಜೊತೆ ಇದ್ದಷ್ಟೇ ತಾಳ್ಮೆಯಿಂದ ಪಕ್ಕದಲ್ಲಿ ನಿಂತೆ. "ಈ ಸುತ್ತು ಮುಚ್ಚಿಲ್ಲ. ಅಳಿಸಬೇಡ, ಕೆಳಗೆ ಇನ್ನೊಮ್ಮೆ ಬರಿ. ಓದೋಕಾಗಲ್ಲ, ಇನ್ನೊಮ್ಮೆ. ಅವಸರ ಬೇಡ, ನಮಗೆ ಹೊತ್ತಿದೆ." ಹಣೆಯ ಬೆವರು ಪುಸ್ತಕದ ಮೇಲೆ ಬಿದ್ದು ಶಾಯಿ ಹರಡಿತು. ಹಾಳೆ ಹರಿದು ಹೊಸದು ಕೊಟ್ಟೆ.

ನೀರು ಕೇಳಿದ. ಮುಚ್ಚಳ ಬಿಗಿದ ಬಾಟಲಿ ತಂದಿಟ್ಟೆ.

"ಮುಚ್ಚಳ ತೆಗೆದುಕೊಡಿ."

"ಅವಳು ತೊಡೆ ಸಂದಿಲಿ ಒತ್ತಿ ಹಿಡಿದು ತೆಗೀತಾಳೆ. ಆಗುತ್ತೆ, ಪ್ರಯತ್ನ ಪಡು."

ಅರ್ಧ ನೀರು ಪ್ಯಾಂಟಿನ ಮೇಲೆ ಚೆಲ್ಲಿತು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದೆ. ಕರುಣೆ ಬರುತ್ತದೇನೋ ಎಂದು ಒಂದು ಕ್ಷಣ ಕಾದೆ, ಬರಲಿಲ್ಲ. ಎರಡು ವರ್ಷ ಹಸಿದವಳಿಗೆ ಎಲೆ ಹಾಕಿ ಬಡಿಸಿದ ಹಾಗಿತ್ತು.

ಮೂರು ತಾಸು ಮುಗಿಯುವ ಹೊತ್ತಿಗೆ ಎಂಟು ಸಾಲು ಆಯಿತು. ಕೋಳಿ ಕೆದರಿದ ಅಕ್ಷರ, ಆದರೆ ಓದಬಹುದು. ಬಲಗುಂಡಿಗೆ ರಟ್ಟು ಇಟ್ಟವನು ನಾನು. ತೆಗೆಯಲು ಮರೆತೆ. ಅವಳ ತಪ್ಪಿಲ್ಲ. ಮೊದಲು ರಟ್ಟು ತೆಗೆದೆ, ಆಮೇಲೆ ಫೋನು ಮಾಡಿದೆ. ಹನ್ನೊಂದು ನಿಮಿಷ. ಕೆಳಗೆ ರುಜು.

ಮಗಳ ಹೆಜ್ಜೆ ಸಪ್ಪಳ ಮೆಟ್ಟಿಲಲ್ಲಿ ಕೇಳಿದಾಗ ಅವಳಿಗೆಂದು ಹಾಲು ಒಲೆಯ ಮೇಲಿಟ್ಟೆ. ಅವಳು ಬಾಗಿಲಲ್ಲಿ ನಿಂತು ತನ್ನ ಸ್ಪ್ಲಿಂಟು ತೊಟ್ಟ ಗಡಿಯಾರಪ್ಪನನ್ನು ನೋಡಿದಳು. ನಾನು ಹಾಳೆ ಕೊಟ್ಟೆ. ಈ ಗಳಿಗೆಯನ್ನು ಎಷ್ಟು ಸಲ ಕನಸಿದ್ದೆನೋ. ಅವಳು ಅಳುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ.

ಎರಡು ಕೈಯಲ್ಲೂ ಹಿಡಿದು ಓದಿದಳು. ಮತ್ತೆ ಓದಿದಳು.

"ಮೊಣಕೈ ಇರ್ಲಿಲ್ವಾ?" ಎಂದು ಅವನನ್ನು ಕೇಳಿದಳು.

"ಇರ್ಲಿಲ್ಲಮ್ಮ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಗಡಿಯಾರಪ್ಪ ಎಡಗೈಯಿಂದ ಸ್ಪ್ಲಿಂಟಿನ ಪಟ್ಟಿ ಬಿಚ್ಚುತ್ತಿದ್ದ. ಬಿಚ್ಚಿ, ಕೆಂಪಾದ ಮಣಿಕಟ್ಟು ಉಜ್ಜಿಕೊಳ್ಳುತ್ತಾ ನನ್ನ ಕಡೆ ನೋಡಿದ. ಆ ದಿನವಿಡೀ ಮೊದಲ ಬಾರಿಗೆ ಅವನ ಮುಖ ಶಾಂತವಾಗಿತ್ತು.

"ನಿಮ್ಮಮ್ಮಂಗೆ ಎರಡು ವರ್ಷದಿಂದ ಗೊತ್ತಿತ್ತು," ಎಂದ. "ದಿನಾ ಬಂದು ಎದುರಿಗೆ ಕೂರ್ತಿದ್ರು. ಸರಿಯಾಗಿ ಹನ್ನೊಂದು ನಿಮಿಷ. ನಿಮಗೆ ಹೇಳಿರ್ಲಿಲ್ವಾ?"

ಅವನ ಏಟು ಸರಿಯಾದ ಜಾಗಕ್ಕೆ ಬಿತ್ತು. ಮಗಳು ನನ್ನ ಕಡೆ ತಿರುಗಿದಳು.

"ಹೌದಾ ಅಮ್ಮ?"

"ಮರಿ, ಆಣೆ ಹಾಕಿಸ್ಕೊಂಡಿದ್ರು. ಕಾಗದ ಕೈಗೆ ಬರೋವರೆಗೂ..."

"ನಾನು ಈ ಮೇಜಿನ ಮುಂದೆ ದಿನಾ ಕೂರ್ತಿದ್ದೆ. ನನ್ನನ್ನ ನಾನೇ ಕಳ್ಳಿ ಅಂತ ಹಿಡೀತಿದ್ದೆ. ನೀನು ಅಲ್ಲೇ ನಿಂತು ಪಾತ್ರೆ ಒರೆಸ್ತಿದ್ದೆ. ಒಂದೇ ಒಂದು ಮಾತು ಅಮ್ಮ. ಮೊಣಕೈ ಅಲ್ಲ ಕಣೇ ಅನ್ನೋದು."

ಅವಳ ದನಿ ಏರಲಿಲ್ಲ. ಏರಿದ್ದರೆ ನಾನೂ ಏರಿಸಬಹುದಿತ್ತು. ನಿನಗಾಗಿ ಮಾಡಿದೆ ಎನ್ನಬೇಕೆಂದಿದ್ದೆ.

ಗಡಿಯಾರಪ್ಪ ಎದ್ದ. "ನಾನು ಹೊರಡ್ಲಾ?"

"ಹೊರಡು," ಎಂದೆ. "ಸೋಮವಾರ ಇದನ್ನ ಇನ್ಸ್‌ಪೆಕ್ಟರಿಗೆ ಕೊಡ್ತೀನಿ. ಒಂದು ಪ್ರತಿ ನಿನ್ನ ಹೆಂಡ್ತಿಗೆ." ಅವನು ತಲೆಯಾಡಿಸಿ ಹೋದ. ಅವನ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ, ಇನ್ನೊಂದು ಸಲ ಆದರೂ ಅದೇ ಬಿಗಿಯಲ್ಲಿ ಕಟ್ಟುತ್ತೇನೆ.

ಮಗಳು ಗೆರೆ ಪುಸ್ತಕದ ಹೊಸ ಹಾಳೆ ತಿರುಗಿಸಿ ನನ್ನ ಮುಂದೆ ಸರಿಸಿದಳು.

"ಕೂತ್ಕೋ. ನೀನೂ ಬರಿ."

"ಏನಂತ?"

"ಗೊತ್ತಿತ್ತು ಅಂತ. ಯಾವತ್ತಿಂದ, ಯಾಕೆ ಹೇಳ್ಲಿಲ್ಲ, ಎಲ್ಲ."

ಕೂತು ಪೆನ್ನು ಎತ್ತಿಕೊಂಡೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಅರ್ಥವಾಯಿತು, ಪೆನ್ನನ್ನು ಎಡಗೈಗೆ ಬದಲಾಯಿಸಿದೆ. ಮೊದಲ ಅಕ್ಷರಕ್ಕೇ ಪುಸ್ತಕ ಜಾರಿತು. ಅವಳು ತನ್ನ ಬಲಗೈ ತಂದು ಅದರ ಮೇಲೆ ಒತ್ತಿಟ್ಟಳು. ಬೆರಳುಗಳು ಪೂರ್ತಿ ನೆಟ್ಟಗಾಗುವುದಿಲ್ಲ, ತಣ್ಣಗಿದ್ದವು, ಆದರೆ ಹಾಳೆ ಅಲುಗಲಿಲ್ಲ.

"ಮರಿ, ಒಲೆ ಮೇಲೆ ಹಾಲಿದೆ."

"ಉಕ್ಕಲಿ. ಬರಿ."

ಹಾಲು ಒಲೆಗೆ ಚೆಲ್ಲಿ ಸುಟ್ಟ ವಾಸನೆ ಬಂದಾಗ ನಾನು ಎರಡನೆಯ ಸಾಲಿನಲ್ಲಿದ್ದೆ.